ಕೊಯ್ಲಿನ ಸಮಯಕ್ಕೆ ತೋಟದ ಮಕ್ಕಳಿಗೆ ಬಾಲವಾಡಿ: ಹೂಂ ಅನ್ನುವ ಮೊದಲು ಏನೇನು ಕೇಳಬೇಕು?

ಅಮ್ಮತ್ತಿ ಅಕ್ಕ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರ ಕಡೆಯ ಮೂರು ತೋಟದವರು ಸೇರಿ, ಈ ಸಲ ರೊಬಸ್ಟಾ ಕಾಫಿ ಕೊಯ್ಲು ಮುಗಿಯುವ ತನಕ ಕೂಲಿಯವರ ಮಕ್ಕಳಿಗೆ ಒಂದು ಬಾಲವಾಡಿ ನಡೆಸೋಣ ಅಂತ ಹೊರಟಿದ್ದಾರೆ. ನೋಡಿಕೊಳ್ಳುವ ಜವಾಬ್ದಾರಿ ನನಗೆ ಕೊಡುತ್ತಾರಂತೆ. ನಾನು ಇನ್ನೂ ಹೂಂ ಅಂದಿಲ್ಲ.

ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಣ್ಣು ಕೊಯ್ಯಲು ಅಸ್ಸಾಂ, ಬಂಗಾಳದಿಂದ ಬಂದವರಿದ್ದಾರೆ, ಹಾಡಿಗಳಿಂದ (ಕಾಡಂಚಿನ ಬುಡಕಟ್ಟು ಜನರ ಕೇರಿಗಳಿಂದ) ಬರುವವರಿದ್ದಾರೆ. ಕೂಲಿ ಕಿಲೋ ಲೆಕ್ಕ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಬೆಳಗ್ಗೆಯೇ ತೋಟಕ್ಕೆ ಇಳಿಯುತ್ತಾರೆ. ಕೂಸನ್ನು ಗಿಡದ ಬುಡದಲ್ಲಿ ಗೋಣಿಚೀಲ ಹಾಸಿ ಮಲಗಿಸುತ್ತಾರೆ. ಇಲ್ಲವೇ ಎಂಟೊಂಬತ್ತು ವರ್ಷದ ಅಕ್ಕ ಶಾಲೆ ಬಿಟ್ಟು ಲೈನ್ ಮನೆಯಲ್ಲಿ (ಕೂಲಿಯವರ ಸಾಲು ಮನೆಯಲ್ಲಿ) ತಮ್ಮನನ್ನು ಎತ್ತಿಕೊಂಡು ಕೂರುತ್ತಾಳೆ. ಈಗ ಹಗಲಲ್ಲೂ ಆನೆ ತೋಟದೊಳಗೇ ಇರುತ್ತದೆ. ಸಾಹುಕಾರರಿಗೂ ಭಯ ಹುಟ್ಟಿದೆ. ಅದಕ್ಕೇ ಈ ಬಾಲವಾಡಿ.

ಹಳೇ ಲೈನಿನ ಎರಡು ಕೋಣೆ ರಿಪೇರಿ ಮಾಡಿಸುತ್ತಿದ್ದಾರೆ. ಬೇಲಿ, ನೀರು, ಕಕ್ಕಸು, ಮಧ್ಯಾಹ್ನದ ಊಟ ಎಲ್ಲದರ ಬಗ್ಗೆ ಮಾತಾಯಿತು. ದಿನವಿಡೀ ಮಕ್ಕಳ ಜೊತೆ ಯಾರಿರುತ್ತಾರೆ ಅನ್ನುವುದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಾನೇ ಕೇಳಿದ್ದಕ್ಕೆ, "ಆಳು ಕರೆತರುವ ಮೇಸ್ತ್ರಿ ಕಡೆಯ ಹುಡುಗ ಒಬ್ಬ ಇದ್ದಾನೆ, ಒಳ್ಳೆಯವನು, ಸಹಾಯಕ್ಕೆ ಬರುತ್ತಾನೆ" ಅಂದರು. ಒಳ್ಳೆಯವನೇ ಇರಬಹುದು. ನಾನು ಅವನನ್ನು ನೋಡಿಯೂ ಇಲ್ಲ. ನಾನು ಅಡುಗೆ ಕಡೆ ಹೋದಾಗ, ಒಂದು ದಿನ ಜ್ವರ ಬಂದು ಮಲಗಿದಾಗ, ಅಷ್ಟು ಮಕ್ಕಳ ಜೊತೆ ಅವನೊಬ್ಬನೇ. ಅರ್ಧಕ್ಕರ್ಧ ಮಕ್ಕಳಿಗೆ ಕನ್ನಡವೇ ಬರುವುದಿಲ್ಲ.

ಇಂಥ ಕಡೆ ಕೆಲಸ ಮಾಡಿದವರು ಹೇಳಿ. ಮೊದಲೇ ಯಾವ ಯಾವ ಮಾತು ಗಟ್ಟಿ ಮಾಡಿಕೊಳ್ಳಬೇಕು?

ಕರಿಮೆಣಸು

ಅಕ್ಕ, ಒಳ್ಳೆ ಕೆಲಸ. ಮೊದಲು ಶುರು ಮಾಡಿ. ನಮ್ಮದೂ ಅದೇ ಕಡೆ ತೋಟ, ಕಷ್ಟ ಗೊತ್ತಿದೆ. ಒಂದು ಮಾತು ಹೇಳಲಾ? ಈಗಲೇ ಪೊಲೀಸ್ ವೆರಿಫಿಕೇಶನ್, ಅದೂ ಇದೂ ಅಂತ ಹೊರಟರೆ ಸಿಕ್ಕಿರುವ ಹುಡುಗನೂ ಓಡಿಹೋಗುತ್ತಾನೆ. ಕೊಯ್ಲಿಗೇ ಆಳು ಸಿಗುತ್ತಿಲ್ಲ, ಇನ್ನು ಬಾಲವಾಡಿಗೆ ಎಲ್ಲಿಂದ ತರುವುದು? ಇದು ಬೆಂಗಳೂರಲ್ಲ. ಯಾರ ಮನೆ ಯಾರದು ಅಂತ ಎಲ್ಲರಿಗೂ ಗೊತ್ತು.

ನಿಜವಾದ ಅಪಾಯ ಬೇರೆ ಇದೆ. ಸ್ಪ್ರಿಂಕ್ಲರ್‌ಗೆ ನೀರು ತುಂಬಿಸುವ ಕೆರೆಗೆ ಬೇಲಿ ಇದೆಯಾ ನೋಡಿ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೀರಿನ ಗುಂಡಿ ಎಷ್ಟು ದೂರ ಇದೆ ನೋಡಿ. ಮೈಲುತುತ್ತ, ಗೊಬ್ಬರ, ಔಷಧಿ ಇಡುವ ಸ್ಟೋರ್ ಪಕ್ಕದಲ್ಲೇ ಕೋಣೆ ಕೊಟ್ಟಿದ್ದರೆ ಬೇಡವೇ ಬೇಡ ಅನ್ನಿ. ನಮ್ಮ ಹಳೇ ಲೈನುಗಳೆಲ್ಲ ಸ್ಟೋರ್ ಪಕ್ಕದಲ್ಲೇ ಇವೆ.

ಟೀಚರಮ್ಮ, ಸೋಮವಾರಪೇಟೆ

ಕೆರೆ, ಗುಂಡಿ, ಸ್ಟೋರ್ ವಿಷಯ ನೂರಕ್ಕೆ ನೂರು ನಿಜ. ಅಕ್ಕ, ಅದನ್ನು ಹಾಗೇ ಬರೆದಿಟ್ಟುಕೊಳ್ಳಿ.

ಆದರೆ "ಎಲ್ಲರಿಗೂ ಎಲ್ಲರೂ ಗೊತ್ತು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ ಸಾರ್. ಅಂಗನವಾಡಿಯಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಮಕ್ಕಳಿಗೆ ತೊಂದರೆ ಕೊಟ್ಟವರು ಅಂತ ನನ್ನ ಕಿವಿಗೆ ಬಿದ್ದವರಲ್ಲಿ ಒಬ್ಬರೂ ಅಪರಿಚಿತರಲ್ಲ. ಮಾಮ, ಪಕ್ಕದ ಮನೆಯ ಅಣ್ಣ, ಟ್ಯೂಷನ್ ಹೇಳುವವರು, ಎಲ್ಲರೂ ಮೆಚ್ಚುವಂಥವರು. ಮಕ್ಕಳಿಗೆ ಮಿಠಾಯಿ ಕೊಡುವವರು, ತಾಯಂದಿರಿಗೆ "ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ" ಅನ್ನುವವರು. ಗುರುತು ಇರುವುದರಿಂದಲೇ ಬಾಗಿಲು ತೆರೆಯುತ್ತದೆ. ಗುರುತು ಇರುವುದರಿಂದಲೇ ಮಗು ಹೇಳಿದರೂ ದೊಡ್ಡವರು ನಂಬುವುದಿಲ್ಲ. ಹಾಗಂತ ಮೇಸ್ತ್ರಿ ಕಡೆಯ ಹುಡುಗನ ಮೇಲೆ ಅನುಮಾನ ಪಡಿ ಅನ್ನುತ್ತಿಲ್ಲ. ಅವನಿಗೂ ನಿಮಗೂ ಸಾಹುಕಾರರಿಗೂ ಒಂದೇ ನಿಯಮ ಇರಲಿ. ಆಗ ಯಾರಿಗೂ ಬೇಸರ ಆಗುವುದಿಲ್ಲ.

ಮೊದಲನೇ ನಿಯಮ, ಯಾವ ದೊಡ್ಡವರೂ ಮುಚ್ಚಿದ ಬಾಗಿಲ ಒಳಗೆ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು. ಇಬ್ಬರು ಇರಲೇಬೇಕು. ಒಬ್ಬರಿಗೆ ಜ್ವರ ಬಂದರೆ? ಬದಲಿಗೆ ಬರುವವರು ಯಾರು ಅಂತ ಮೊದಲೇ ಗೊತ್ತು ಮಾಡಿ. ಯಾರೂ ಸಿಗದಿದ್ದರೆ ಆ ದಿನ ಬಾಲವಾಡಿ ಮುಚ್ಚಿ. ತೋಟದವರು ಬೈಯುತ್ತಾರೆ. ಬೈಯಲಿ.

ಕೋಣೆ ರಿಪೇರಿ ಆಗುತ್ತಿರುವಾಗಲೇ ಹೋಗಿ ನೋಡಿ. ಮಕ್ಕಳು ಮಲಗುವ ಜಾಗ ಹೊರಗಿನಿಂದ ಕಾಣಬೇಕು. ಬಾಗಿಲಿನ ಚಿಲಕ ಒಳಗಡೆ ಬೇಡ. ಕಕ್ಕಸು ಹಿತ್ತಲಲ್ಲಿ ದೂರ ಇದ್ದರೆ ಹತ್ತಿರ ಮಾಡಿಸಿ. ಚಡ್ಡಿ ಬದಲಿಸುವುದು, ತೊಳೆಸುವುದು ಯಾರ ಕೆಲಸ ಅಂತ ಹೆಸರು ಹೇಳಿ ನಿಗದಿ ಮಾಡಿ. "ಯಾರು ಬಿಡುವಾಗಿದ್ದಾರೋ ಅವರು" ಅಂತ ಬಿಡಬೇಡಿ. ನೀರು ಬಿಡಲು ಬಂದವನು, ಸೌದೆ ತಂದವನು, ತೋಟದ ಲೆಕ್ಕ ಬರೆಯುವ ರೈಟರ್ ಯಾರೇ ಆದರೂ ಮಕ್ಕಳಿರುವ ಕೋಣೆಗೆ ನುಗ್ಗುವ ಹಾಗಿಲ್ಲ. ಜಗಲಿಯಲ್ಲೇ ಮಾತು ಮುಗಿಸಲಿ.

ಮಕ್ಕಳು ಎಷ್ಟು? ಕೇಂದ್ರ ಸರ್ಕಾರದ ಕ್ರೆಶ್ (ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ) ಯೋಜನೆಯಲ್ಲಿ 25 ಮಕ್ಕಳಿಗೆ ಒಬ್ಬರು ಕಾರ್ಯಕರ್ತೆ, ಒಬ್ಬರು ಸಹಾಯಕಿ ಅಂತ ಲೆಕ್ಕ ಇಟ್ಟಿದ್ದರು. ನನ್ನ ಕೇಳಿದರೆ ಅದೂ ಕಮ್ಮಿಯೇ. ತೆವಳುವ ಕೂಸುಗಳು ಜಾಸ್ತಿ ಇದ್ದರೆ ಇಬ್ಬರಿಂದ ಆಗದು. ಒಬ್ಬರು ಹಾಲು ಕಾಯಿಸಲು ಎದ್ದರೆ ಉಳಿದದ್ದೆಲ್ಲ ಇನ್ನೊಬ್ಬರ ತಲೆ ಮೇಲೆ.

ವಕೀಲರ ಕಟ್ಟೆ

ವೀರಾಜಪೇಟೆಯಲ್ಲಿ ವಕೀಲಿ ಮಾಡುತ್ತೇನೆ. ಕಾನೂನಿನ ಕಡೆಯಿಂದ ಒಂದಿಷ್ಟು.

ತೋಟದಲ್ಲಿ ಕ್ರೆಶ್ ಇಡುವುದು ಸಾಹುಕಾರರ ಧರ್ಮಕ್ಕೆ ಬಿಟ್ಟ ವಿಷಯ ಅಂತ ತುಂಬಾ ಜನ ತಿಳಿದಿದ್ದಾರೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಅದು ಇತ್ತು. 50 ಅಥವಾ ಜಾಸ್ತಿ ಹೆಣ್ಣಾಳುಗಳಿದ್ದರೆ, ಇಲ್ಲವೇ ಅವರ ಆರು ವರ್ಷದೊಳಗಿನ ಮಕ್ಕಳು 20 ಅಥವಾ ಜಾಸ್ತಿ ಇದ್ದರೆ, ಮಾಲೀಕರೇ ಕೋಣೆ ಕೊಡಬೇಕು, ತರಬೇತಿ ಪಡೆದ ಹೆಂಗಸನ್ನು ಇಡಬೇಕು. ಗುತ್ತಿಗೆದಾರನ ಮೂಲಕ ಬಂದ ಹೆಣ್ಣಾಳುಗಳೂ ಈ ಲೆಕ್ಕಕ್ಕೆ ಸೇರುತ್ತಾರೆ. ಆ ಕಾಯ್ದೆಯನ್ನು ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಕ್ರೆಶ್ ಮಾತು ಅಲ್ಲೂ ಇದೆ.

ಇನ್ನು ವೆರಿಫಿಕೇಶನ್. ಕರಿಮೆಣಸು ಅಣ್ಣ, ಅದು ಟೀಚರಮ್ಮನ ಹಟ ಅಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯ 2020ರ ನಿಯಮಗಳಲ್ಲಿ ಬರೆದೇ ಇದೆ. ಶಾಲೆ, ಕ್ರೆಶ್, ಕ್ರೀಡಾ ತರಬೇತಿ ಕೇಂದ್ರ, ಮಕ್ಕಳು ಬಂದುಹೋಗುವ ಯಾವ ಸಂಸ್ಥೆಯೇ ಇರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ನೌಕರರ ಪೊಲೀಸ್ ವೆರಿಫಿಕೇಶನ್ ಆಗಬೇಕು. ಒಂದು ಸಲ ಮಾಡಿ ಮರೆಯುವಂಥದ್ದಲ್ಲ, ಆಗಾಗ ಆಗಬೇಕು. ಕಾಯಂ ಆದರೇನು, ಗುತ್ತಿಗೆ ಆದರೇನು. ಪಾಠ ಹೇಳುವವರಿಗಷ್ಟೇ ಅಲ್ಲ, ಅಡುಗೆಯವರಿಗೂ ಡ್ರೈವರಿಗೂ ಅದೇ. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಬರುವ ತನಕ ಆ ವ್ಯಕ್ತಿಯನ್ನು ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ, ಅಷ್ಟೇ. ಜೊತೆಗೆ ಹಿಂದೆ ಎಲ್ಲಿ ಕೆಲಸ ಮಾಡಿದ್ದ, ಯಾಕೆ ಬಿಟ್ಟ ಅಂತ ಅಲ್ಲಿಗೇ ಫೋನ್ ಮಾಡಿ ಕೇಳಿ. ಕಾಗದದಲ್ಲಿ ಸಿಗದ್ದು ಆ ಫೋನಿನಲ್ಲಿ ಸಿಗುತ್ತದೆ.

ಕುಟ್ಟ ಜೀಪ್

ನಾನು ಜೀಪ್ ಓಡಿಸುತ್ತೇನೆ. ಬೆಳಗ್ಗೆ ಶಾಲೆ ಮಕ್ಕಳು, ಆಮೇಲೆ ತೋಟದ ಬಾಡಿಗೆ. ಇದನ್ನೆಲ್ಲ ಓದಿ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಡ್ರೈವರ್ ಅಂದ ಕೂಡಲೇ ಎಲ್ಲರೂ ಹುಬ್ಬು ಗಂಟು ಹಾಕುತ್ತಾರೆ.

ಆದರೂ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಸಾಯಂಕಾಲ ಎಲ್ಲ ಮಕ್ಕಳನ್ನೂ ಇಳಿಸಿದ ಮೇಲೆ ಕೊನೆಗೆ ಒಂದು ಮಗು ಉಳಿಯುತ್ತದೆ. ಅದರ ಮನೆ ಒಳಗಡೆ, ಎರಡು ತೋಟ ದಾಟಿ. ಅಲ್ಲಿಯ ತನಕ ಜೀಪಿನಲ್ಲಿ ನಾನು, ಆ ಮಗು. ಇಬ್ಬರು ಇರಬೇಕು ಅನ್ನುತ್ತೀರಿ. ಎರಡನೆಯವರ ಕೂಲಿ ಯಾರು ಕೊಡುತ್ತಾರೆ?

ಇನ್ನೊಂದು ವಿಷಯ. ಒಬ್ಬ ತಂದೆ ಕುಡಿದು ತೂರಾಡುತ್ತಾ ಬಂದು ಮಗುವನ್ನು ಇಳಿಸು ಅಂದ. ಅವನೇ ತಂದೆ, ನನಗೆ ಗೊತ್ತು. ಮಗು ನನ್ನ ಅಂಗಿ ಹಿಡಿದುಕೊಂಡಿತ್ತು. ನಾನು ಇಳಿಸಲಿಲ್ಲ, ಅಜ್ಜಿ ಮನೆಗೆ ಬಿಟ್ಟು ಬಂದೆ. ಮಾರನೇ ದಿನ ನನ್ನ ಮೇಲೇ ಜಗಳ. ನಾನು ಮಾಡಿದ್ದು ಸರಿಯಾ, ತಪ್ಪಾ?

ಟೀಚರಮ್ಮ, ಸೋಮವಾರಪೇಟೆ

ಸರಿಯಾಗೇ ಮಾಡಿದ್ದೀಯಪ್ಪ. ಆದರೆ ಅಂಥ ತೀರ್ಮಾನ ನೀನೊಬ್ಬನೇ ರಸ್ತೆಯಲ್ಲಿ ನಿಂತು ಮಾಡುವ ಹಾಗೆ ಆಗಬಾರದು. ಮಗುವನ್ನು ಸೇರಿಸಿಕೊಳ್ಳುವ ದಿನವೇ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಯಾರು ಕರೆದುಕೊಂಡು ಹೋಗಬಹುದು, ಅವರಿಗೆ ಆಗದಿದ್ದರೆ ಎರಡನೆಯವರು ಯಾರು, ಅವರ ಫೋನ್ ನಂಬರ್ ಯಾವುದು. ತಂದೆ ತಾಯಿ ಇಬ್ಬರಿಗೂ ಆಗಲೇ ಹೇಳಿಬಿಡಬೇಕು: ಕುಡಿದು ಬಂದರೆ ಮಗುವನ್ನು ಕೊಡುವುದಿಲ್ಲ, ಎರಡನೇ ಹೆಸರಿನವರನ್ನು ಕರೆಯುತ್ತೇವೆ. ಓದಲು ಬಾರದವರಿಗೆ ಅವರ ಭಾಷೆಯಲ್ಲೇ ಹೇಳಿಸಿ, ಹೆಬ್ಬೆಟ್ಟು ಒತ್ತಿಸಿ. ಆಮೇಲೆ ಜಗಳ ಬಂದರೆ ಪುಸ್ತಕ ತೋರಿಸಿದರಾಯಿತು.

ಎಂಟು ವರ್ಷದ ಅಕ್ಕನ ಕೈಗೆ ಮಗುವನ್ನು ಕೊಡುವುದೂ ಬೇಡ. ತೋಟದ ದಾರಿ, ಮೇಲೆ ಆನೆ. ಎಲ್ಲ ಕಡೆಯೂ ನಡೆಯುತ್ತದೆ, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ.

ಕೊನೇ ಮಗುವಿನ ವಿಷಯಕ್ಕೆ ನನಗೂ ಥಟ್ಟನೆ ಉತ್ತರ ಹೊಳೆಯುತ್ತಿಲ್ಲ. ಯಾರಾದರೂ ಹೇಳಿ.

ಹಾಡಿ ಹುಡುಗ

ನಾನು ಪೊನ್ನಂಪೇಟೆ ತಾಲ್ಲೂಕಿನ ಒಂದು ಹಾಡಿಯವನು. ಓದಿದ್ದು ವಸತಿ ಶಾಲೆಯಲ್ಲಿ. ಯಾವ ಶಾಲೆ ಅಂತ ಹೇಳುವುದಿಲ್ಲ, ಈಗ ಅಲ್ಲಿ ಎಲ್ಲ ಬದಲಾಗಿದೆ.

ನಮ್ಮಲ್ಲಿ ಗೋಡೆಗೆ ಒಂದು ದೂರು ಪೆಟ್ಟಿಗೆ ಹೊಡೆದಿದ್ದರು. ಅದರ ಬೀಗದ ಕೈ ಇದ್ದದ್ದು ಯಾರ ದೂರು ಬರೆಯಬೇಕಿತ್ತೋ ಅವರ ಹತ್ತಿರವೇ. ಅಧಿಕಾರಿಗಳು ಬಂದಾಗ ಪೆಟ್ಟಿಗೆ ತೋರಿಸಿ, ಒಂದೂ ದೂರಿಲ್ಲ ಸಾರ್ ಅನ್ನುತ್ತಿದ್ದರು. ಚಿಕ್ಕ ಮಕ್ಕಳಿಗೆ ಬರೆಯಲೇ ಬರುತ್ತಿರಲಿಲ್ಲ. ಏಟು ತಿಂದ ದಿನ ನಾವು ಹೋಗಿ ಹೇಳುತ್ತಿದ್ದದ್ದು ಅಡುಗೆ ಅಜ್ಜಿಗೆ. ಅವರಿಗೆ ನಮ್ಮ ಭಾಷೆ ಬರುತ್ತಿತ್ತು. ಅವರೂ ಕಣ್ಣೀರು ಹಾಕಿ, ಸ್ವಲ್ಪ ಜಾಸ್ತಿ ಬೆಲ್ಲ ಕೊಟ್ಟು ಕಳಿಸುತ್ತಿದ್ದರು. ಅವರಿಗೆ ಅದಕ್ಕಿಂತ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಅದಕ್ಕೇ ಹೇಳುತ್ತೇನೆ ಅಕ್ಕ. ತರಬೇತಿ ಅಂತ ಮಾಡಿದರೆ ಅಡುಗೆಯವರನ್ನೂ ನೀರು ಹೊರುವವರನ್ನೂ ಕೂರಿಸಿ. ಮಗು ಯಾರ ಹತ್ತಿರ ಬಾಯಿ ಬಿಡುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಹಾಡಿಗಳ ಯರವ ಬುಡಕಟ್ಟಿನ ಮಕ್ಕಳಿಗೆ ಯರವ ಭಾಷೆ ಬರುವ ಒಬ್ಬರು, ಅಸ್ಸಾಂ ಮಕ್ಕಳಿಗೆ ಅವರ ಭಾಷೆ ಬರುವ ಒಬ್ಬರು ಬೇಕು. ಆ ಒಬ್ಬರು ಮೇಸ್ತ್ರಿ ಆಗಬಾರದು. ಅವನೇ ಕರೆತಂದವನು, ಅವನೇ ಮುಂಗಡ ಕೊಟ್ಟವನು. ಅವನ ಎದುರು ತಂದೆ ತಾಯಿಯೇ ಮಾತಾಡುವುದಿಲ್ಲ, ಇನ್ನು ಮಗು ಮಾತಾಡುತ್ತದಾ?

ಇನ್ನೊಂದು, ಹೊಡೆಯುವುದು. ಇಲ್ಲಿ ಯಾರೂ ಅದನ್ನು ಎತ್ತಲೇ ಇಲ್ಲ. ಅದು ಲೆಕ್ಕಕ್ಕೆ ಬರುವುದಿಲ್ಲವಾ?

ವಕೀಲರ ಕಟ್ಟೆ

ಬರುತ್ತದೆ ತಮ್ಮ. ಶಾಲೆಯಲ್ಲಿ ಹೊಡೆಯುವುದನ್ನೂ ಹೀಯಾಳಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇನ್ನೂ ಗಟ್ಟಿ. ಮಗುವಿನ ಜವಾಬ್ದಾರಿ ಹೊತ್ತವರು ಹೊಡೆದರೆ, ಹಿಂಸೆ ಕೊಟ್ಟರೆ, ಬೇಕೆಂದೇ ನಿರ್ಲಕ್ಷ್ಯ ಮಾಡಿದರೆ ಮೂರು ವರ್ಷದ ತನಕ ಜೈಲು. ಮಕ್ಕಳನ್ನು ನೋಡಿಕೊಳ್ಳಬೇಕಾದ ಸಂಸ್ಥೆಯ ನೌಕರರೇ ಮಾಡಿದರೆ ಐದು ವರ್ಷದ ತನಕ ಹೋಗುತ್ತದೆ, ಐದು ಲಕ್ಷದವರೆಗೆ ದಂಡ. "ನಾಲ್ಕು ಬಿಟ್ಟರೆ ಸರಿ ಹೋಗುತ್ತಾನೆ" ಅನ್ನುವ ಕಾಲ ಹೋಯಿತು. ಮನಸ್ಸಿನಿಂದ ಹೋಗಿಲ್ಲ, ಅದು ಬೇರೆ ಮಾತು.

ಕರಿಮೆಣಸು

ಸರಿ, ಒಂದೊಂದಾಗಿ ಒಪ್ಪುತ್ತಾ ಬರುತ್ತಿದ್ದೇನೆ. ಆದರೆ ಇದಕ್ಕೂ ಉತ್ತರ ಹೇಳಿ. ತೋಟ ಅಂದಮೇಲೆ ಜಗಳ, ಹಗೆ ಇದ್ದದ್ದೇ. ಕೂಲಿ ಹಣದ ತಕರಾರಿಗೆ ಯಾರೋ ಒಬ್ಬರು ಮಗುವಿನ ಬಾಯಲ್ಲಿ ಏನೋ ಹೇಳಿಸಿ ಸಹಾಯಕನ ಮೇಲೆ ಕೇಸು ಹಾಕಿದರೆ? ಅವನ ಬದುಕು ಮುಗಿಯಿತಲ್ಲ. ಅಂಥ ಮಾತು ಬಂದಾಗ ಮೊದಲು ನಾವು ನಾಲ್ಕು ಜನ ಕೂತು ವಿಚಾರಿಸಿ, ನಿಜ ಅನ್ನಿಸಿದರೆ ಪೊಲೀಸರಿಗೆ ಹೇಳುವುದು ಒಳ್ಳೆಯದಲ್ವಾ?

ವಕೀಲರ ಕಟ್ಟೆ

ಅಣ್ಣ, ಇದೊಂದು ಮಾತ್ರ ಮಾಡಬೇಡಿ. ದಯವಿಟ್ಟು.

ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ವರ್ಷದೊಳಗಿನ ಎಲ್ಲರೂ ಅದರ ಕಣ್ಣಿಗೆ ಮಕ್ಕಳು. 19ನೇ ಕಲಂ ಪ್ರಕಾರ, ಅಪರಾಧ ನಡೆದಿದೆ ಅಂತ ಗೊತ್ತಾದರೆ, ಅಥವಾ ನಡೆಯಬಹುದು ಅಂತ ಅನಿಸಿದರೂ ಸಾಕು, ಪೊಲೀಸರಿಗೆ ಇಲ್ಲವೇ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಯಾರು ತಿಳಿಸಬೇಕು? ಗೊತ್ತಾದ ಯಾರೇ ಆಗಲಿ. ತಿಳಿಸದಿದ್ದರೆ 21ನೇ ಕಲಂನಲ್ಲಿ ಆರು ತಿಂಗಳ ತನಕ ಶಿಕ್ಷೆ ಅಥವಾ ದಂಡ, ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದ ತನಕ ಶಿಕ್ಷೆ, ದಂಡ ಬೇರೆ. ಅಂದರೆ ನಾಲ್ಕು ಜನ ಕೂತು ಪಂಚಾಯ್ತಿ ಮಾಡಿದರೆ ಆ ನಾಲ್ಕು ಜನರೇ ಕಟಕಟೆ ಹತ್ತಬೇಕಾದೀತು. ನಿಜವೋ ಸುಳ್ಳೋ ಅಂತ ತೂಗುವುದು ನಿಮ್ಮ ಕೆಲಸ ಅಲ್ಲ. ನೀವು ವಿಚಾರಣೆಗೆ ಕೂತ ಹೊತ್ತಿನಲ್ಲಿ ಸಾಕ್ಷಿ ಹಾಳಾಗುತ್ತದೆ, ಮಗು ಹೆದರಿ ಮಾತು ಬದಲಿಸುತ್ತದೆ, ಆಪಾದನೆ ಹೊತ್ತವನು ರೈಲು ಹತ್ತಿರುತ್ತಾನೆ.

ಸುಳ್ಳು ದೂರಿನ ಬಗ್ಗೆ ನಿಮ್ಮ ಭಯ ಅರ್ಥವಾಗುತ್ತದೆ. ಕೆಟ್ಟ ಉದ್ದೇಶದಿಂದ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ 22ನೇ ಕಲಂನಲ್ಲಿ ಶಿಕ್ಷೆ ಇದೆ. ಮಗುವಿಗೆ ಇಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ, ಅದೂ ಕಾಯ್ದೆಯಲ್ಲೇ ಇದೆ. ಇನ್ನು ನಿಮ್ಮ ಸಹಾಯಕನನ್ನು ಕಾಯುವುದು ಯಾವುದು ಗೊತ್ತಾ? ಟೀಚರಮ್ಮ ಹೇಳಿದ ಇಬ್ಬರ ನಿಯಮ. ಒಂಟಿಯಾಗಿ ಇರಲೇ ಇಲ್ಲ ಅಂದಮೇಲೆ ಅವನ ಮೇಲೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

ವೇದಿಕೆ ನಿರ್ವಾಹಕರು

ಇದರ ಕೆಳಗಿದ್ದ ಒಂದು ಬರಹವನ್ನು ತೆಗೆದಿದ್ದೇವೆ. ಅದರಲ್ಲಿ ಒಂದು ಊರು, ಶಾಲೆ, ಹುಡುಗಿಯ ಮನೆತನದ ಹೆಸರು ಎಲ್ಲ ಇತ್ತು. ಮಗುವಿನ ಗುರುತು ಬಯಲಾಗುವ ಯಾವುದನ್ನೂ ಪ್ರಕಟಿಸುವುದನ್ನು ಪೋಕ್ಸೋ 23ನೇ ಕಲಂ, ಬಾಲನ್ಯಾಯ ಕಾಯ್ದೆಯ 74ನೇ ಕಲಂ ಎರಡೂ ತಡೆಯುತ್ತವೆ. ಹೆಸರು ಬರೆಯದೆ ಮನೆತನ ಬರೆದರೂ ಕೊಡಗಿನಲ್ಲಿ ಅರ್ಧ ಗಂಟೆಯಲ್ಲಿ ಮಗು ಯಾರೆಂದು ಗೊತ್ತಾಗುತ್ತದೆ. ಬರೆದವರಿಗೆ ಖಾಸಗಿಯಾಗಿ ತಿಳಿಸಿದ್ದೇವೆ, ಮಕ್ಕಳ ಸಹಾಯವಾಣಿ 1098 ನಂಬರ್ ಕೊಟ್ಟಿದ್ದೇವೆ. ಚರ್ಚೆ ಮುಂದುವರಿಯಲಿ.

ಮಡಿಕೇರಿ ಮಂಜು

ನಾನು ಇಬ್ಬರು ಚಿಕ್ಕ ಮಕ್ಕಳ ತಾಯಿ. ಫೋಟೋ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮಗಳು ಹೋಗುತ್ತಿದ್ದ ಪ್ಲೇ ಹೋಂನವರು ದಿನಾ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುತ್ತಿದ್ದರು. ಒಂದು ದಿನ ನೀರಾಟದ ಫೋಟೋ, ಮಕ್ಕಳು ಬರೀ ಚಡ್ಡಿಯಲ್ಲಿ. ಗ್ರೂಪಿನಲ್ಲಿದ್ದವರಲ್ಲಿ ಅರ್ಧ ಜನ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ದಕ್ಕೆ, "ನೀವೊಬ್ಬರೇ ಮೇಡಂ ಹೀಗೆ ಕೇಳುವುದು" ಅಂದರು. ಕ್ಯಾಮೆರಾ ಹಾಕಿದ್ದೇವೆ, ಭಯ ಬೇಡ ಅಂದರು. ಕ್ಯಾಮೆರಾ ಹಾಕಿದ ಖರ್ಚಿಗೆ ಒಬ್ಬ ಆಯಾಳನ್ನು ತೆಗೆದುಹಾಕಿದ್ದರು!

ತೋಟದ ಬಾಲವಾಡಿಗೂ ದಾನ ಕೊಡುವವರು ಬರುತ್ತಾರೆ ಅಕ್ಕ. ಬಿಸ್ಕೆಟ್ ಕೊಟ್ಟು, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡು ಫೇಸ್‌ಬುಕ್‌ಗೆ ಹಾಕುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರ ಸೇರಿದಾಗ ಅದನ್ನೂ ನೋಡಿದೆವಲ್ಲ. ಒಳ್ಳೆಯ ಮನಸ್ಸಿನಿಂದಲೇ ಬಂದವರು ಜಾಸ್ತಿ. ಆದರೂ ಮಕ್ಕಳ ನಡುವೆ ಯಾರು ಓಡಾಡುತ್ತಿದ್ದಾರೆ ಅಂತ ಬರೆದಿಡುವವರು ಯಾರೂ ಕಾಣಲಿಲ್ಲ.

ಇನ್ನೊಂದು ಮನೆಯ ಮಾತು. ಮದುವೆ, ಹುತ್ತರಿ ಅಂತ ಸೇರಿದಾಗ "ಮಾಮನಿಗೆ ಮುತ್ತು ಕೊಡು, ಕೊಡದಿದ್ದರೆ ಮಾಮ ಬೇಜಾರಾಗುತ್ತಾರೆ" ಅಂತ ಮಕ್ಕಳನ್ನು ತಳ್ಳುತ್ತೇವೆ. ಮಾರನೇ ದಿನ ಶಾಲೆಯಲ್ಲಿ ಕೆಟ್ಟ ಸ್ಪರ್ಶ ಬಂದರೆ ಬೇಡ ಅನ್ನಬೇಕು ಅಂತ ಕಲಿಸುತ್ತಾರೆ. ಮಗು ಯಾರ ಮಾತು ಕೇಳಬೇಕು? ನಮ್ಮ ಮನೆಯಲ್ಲಿ ಮುತ್ತು ಬಂದ್. ಇಷ್ಟವಿದ್ದರೆ ಕೈ ಮುಗಿಯಲಿ. ಅತ್ತೆಗೆ ಮೊದಮೊದಲು ಸಿಟ್ಟು ಬಂತು, ಈಗ ಅವರೇ ನೆಂಟರಿಗೆ ಹೇಳುತ್ತಾರೆ.

ಸಿಸ್ಟರ್, ನಾಪೋಕ್ಲು

ಮಗು ಏನಾದರೂ ಹೇಳಿದರೆ ಆ ಹೊತ್ತಿಗೆ ಏನು ಮಾಡಬೇಕು ಅಂತ ಯಾರೂ ಬರೆಯಲಿಲ್ಲ. ನಾನು ನರ್ಸ್, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮುಖದಲ್ಲಿ ಗಾಬರಿ ತೋರಿಸಬೇಡಿ. ಮಗು ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. "ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ" ಅನ್ನಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಹೇಳಲೇಬೇಕಾಗುತ್ತದೆ. ಕೆದಕಿ ಕೆದಕಿ ಕೇಳಬೇಡಿ. ಅವನು ಹೀಗೆ ಮಾಡಿದನಾ, ಹಾಗೆ ಮಾಡಿದನಾ ಅಂತ ಮಗುವಿನ ಬಾಯಿಗೆ ಮಾತು ತುಂಬಬೇಡಿ. ಮಗು ಯಾವ ಪದ ಬಳಸಿತೋ ಅದೇ ಪದದಲ್ಲಿ, ಅದರ ಭಾಷೆಯಲ್ಲೇ ಬರೆದು ತಾರೀಖು, ಹೊತ್ತು ಹಾಕಿ. ಆ ವ್ಯಕ್ತಿಯನ್ನು ಕರೆದು ಮಗುವಿನ ಎದುರು ನಿಲ್ಲಿಸುವುದಂತೂ ಬೇಡವೇ ಬೇಡ. ನಮ್ಮಲ್ಲಿ ಮೊದಲು ಮಾಡುವುದೇ ಅದು.

ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬದಲಿಸಿದ್ದರೆ ಆ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಹಾಕದೆ ಕಾಗದದಲ್ಲಿ ಸುತ್ತಿಡಿ. ಎಫ್‌ಐಆರ್ ಆಗಿಲ್ಲ ಅಂತ ಆಸ್ಪತ್ರೆಯವರು ವಾಪಸ್ ಕಳಿಸುವ ಹಾಗಿಲ್ಲ. ಚಿಕಿತ್ಸೆಗೆ ಮುಂಚೆ ಯಾವ ಕಾಗದವನ್ನೂ ಕೇಳಬಾರದು ಅಂತ ನಿಯಮ ಇದೆ. ಹೆಣ್ಣು ಮಗುವನ್ನು ಲೇಡಿ ಡಾಕ್ಟರೇ ನೋಡಬೇಕು, ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು.

1098 ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ. ಈಗ ಅದನ್ನು 112ಕ್ಕೂ ಜೋಡಿಸಿದ್ದಾರೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗುವನ್ನು ಸ್ಟೇಷನ್‌ಗೆ ಎಳೆದುಕೊಂಡು ಹೋಗಬೇಕಾಗಿಲ್ಲ. ಮನೆಗೋ ಮಗುವಿಗೆ ಇಷ್ಟವಾದ ಜಾಗಕ್ಕೋ ಯೂನಿಫಾರಂ ಇಲ್ಲದೆ ಬಂದು ಬರೆದುಕೊಳ್ಳಬೇಕು, ಆದಷ್ಟು ಮಹಿಳಾ ಅಧಿಕಾರಿಯೇ. ಭಾಷೆ ಬಾರದ ಮಗುವಿಗೆ ದುಭಾಷಿಯನ್ನು ಕೊಡಲು ಅವಕಾಶ ಇದೆ. ಅಸ್ಸಾಂ ಮಕ್ಕಳ ವಿಷಯದಲ್ಲಿ ಇದನ್ನು ನೀವೇ ನೆನಪಿಸಬೇಕಾಗಬಹುದು.

ಆಮೇಲೆ, ಎಲ್ಲವೂ ಅದೇ ಒಂದು ರೀತಿಯ ತೊಂದರೆ ಅಂದುಕೊಳ್ಳಬೇಡಿ. ಕೂಸು ಮಧ್ಯಾಹ್ನವೆಲ್ಲ ಎದ್ದೇಳದೆ ಮಲಗಿದರೆ ಅನುಮಾನ ಪಡಿ. ಅಳದಿರಲಿ ಅಂತ ಕೆಮ್ಮಿನ ಸಿರಪ್ ಕುಡಿಸುವವರಿದ್ದಾರೆ. ಮನೆಯಲ್ಲೇ ಕುಡಿಸಿ ಕಳಿಸಿದ್ದರೂ ತಾಯಿಯನ್ನು ಬೈಯದೆ ಕೇಳಿ, ಹೇಳುತ್ತಾಳೆ. ತೊಡೆ ಸಂದಿನ ಹುಣ್ಣು, ತೋಳಿನ ಮೇಲೆ ಬೆರಳಿನ ಗುರುತು, ಯಾರೋ ಒಬ್ಬರು ಒಳಗೆ ಬಂದ ತಕ್ಷಣ ಮೂಲೆ ಸೇರುವುದು, ಇದನ್ನೆಲ್ಲ ಬೆಳಗ್ಗೆ ಮಗುವನ್ನು ಎತ್ತಿಕೊಳ್ಳುವಾಗಲೇ ನೋಡಿ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ಗಾಯ ಮೊದಲೇ ಇತ್ತಾ, ನಿಮ್ಮಲ್ಲಿ ಆಯಿತಾ ಅಂತ ಆಮೇಲೆ ವಾದ ಬರುವುದಿಲ್ಲ.

ಅಮ್ಮತ್ತಿ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಲ್ಲಿ ಬಂದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದುಕೊಂಡು ಮೂರೂ ತೋಟದವರನ್ನು ಕೂರಿಸಿ ಮಾತಾಡಿದೆ.

ಸ್ಟೋರ್ ಪಕ್ಕದ ಕೋಣೆ ಬಿಟ್ಟು ರಸ್ತೆ ಕಡೆಯ ಕೋಣೆ ಕೊಡುತ್ತಾರೆ. ಒಳ ಚಿಲಕ ತೆಗೆಸುತ್ತಾರೆ. ಪುಸ್ತಕ, ಎರಡು ಹೆಸರು, ಹೆಬ್ಬೆಟ್ಟು ಎಲ್ಲಕ್ಕೂ ಸರಿ ಅಂದರು. ಮಕ್ಕಳ ಫೋಟೋ ತೆಗೆದು ಹಾಕಬಾರದು ಅನ್ನುವುದಕ್ಕೂ ಸರಿ ಅಂದರು, ಒಬ್ಬರು ಸ್ವಲ್ಪ ಮುಖ ಸಣ್ಣ ಮಾಡಿದರು. ಮೇಸ್ತ್ರಿ ಕಡೆಯ ಹುಡುಗ ವೆರಿಫಿಕೇಶನ್ ಮಾತು ಕೇಳಿ ಓಡಿಹೋಗಲಿಲ್ಲ ಕರಿಮೆಣಸು ಅಣ್ಣ! ತಾನೇ ಆಧಾರ್ ತಂದುಕೊಟ್ಟ. ಅವನನ್ನು ಸೌದೆ, ನೀರು, ಬೇಲಿ ಕಡೆಗೆ ಇಡುತ್ತೇವೆ. ಮಕ್ಕಳ ಜೊತೆಗೆ ಲೈನಿನ ಇಬ್ಬರು ಹೆಂಗಸರು, ಒಬ್ಬರಿಗೆ ಯರವ ಭಾಷೆ ಬರುತ್ತದೆ, ಇನ್ನೊಬ್ಬರು ಅಸ್ಸಾಂ ಕಡೆಯವರು. ಅವರಿಬ್ಬರಿಗೂ ಅರ್ಜಿ ಹಾಕಿಸುತ್ತೇನೆ. ಅಡುಗೆಯವರನ್ನೂ ಸೇರಿಸಿ ಒಂದು ದಿನ ತರಬೇತಿ ಕೊಡಿಸಲು ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಕೊಡುತ್ತೇನೆ.

ನಿಂತಿರುವುದು ಎರಡು ಕಡೆ. ಎರಡನೇ ಹೆಂಗಸಿನ ಸಂಬಳ. ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಅವಳಿಗೆ ಜಾಸ್ತಿ ಸಿಗುತ್ತದೆ, ಬಾಲವಾಡಿಗೆ ಯಾಕೆ ಬರುತ್ತಾಳೆ? ಇನ್ನೊಂದು ಸಾಯಂಕಾಲ. ತೂಕ ಮುಗಿಯುವ ಹೊತ್ತಿಗೆ ಕತ್ತಲಾಗುತ್ತದೆ. ಜೀಪ್ ಅಣ್ಣ ಕೇಳಿದ ಪ್ರಶ್ನೆಯೇ ನನ್ನದೂ.

ಟೀಚರಮ್ಮ, ಸೋಮವಾರಪೇಟೆ

ತಮ್ಮನನ್ನು ಎತ್ತಿಕೊಂಡು ಕೂರುವ ಅಕ್ಕಂದಿರ ವಿಷಯ ಮರೆಯಬೇಡಿ. ಬಾಲವಾಡಿ ಶುರುವಾದ ಮೇಲೆ ಅವರನ್ನು ಪುಕ್ಕಟೆ ಆಯಾ ಮಾಡಿಕೊಳ್ಳುವುದು ಬಲು ಸುಲಭ. ಆರು ವರ್ಷ ದಾಟಿದ ಮಕ್ಕಳನ್ನು ವರ್ಷದ ನಡುವೆಯೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹತ್ತಿರದ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಈಗಲೇ ಮಾತಾಡಿ. ಪಂಚಾಯ್ತಿಯಲ್ಲೂ ಕೇಳಿ. 2023ರ ಬಜೆಟ್‌ನಲ್ಲಿ 4,000 ಪಂಚಾಯ್ತಿಗಳಿಗೆ ಹೇಳಿದ ಕೂಸಿನ ಮನೆ ಅನ್ನುವ ಕ್ರೆಶ್ ನಿಮ್ಮಲ್ಲಿ ನಡೆಯುತ್ತಿದ್ದರೆ ಅಲ್ಲಿಯವರ ಅನುಭವ ಕೇಳಬಹುದು. ಅದು ಉದ್ಯೋಗ ಖಾತ್ರಿ ಕೆಲಸದವರ ಮಕ್ಕಳಿಗೆ, ತೋಟಕ್ಕಲ್ಲ.

ಕರಿಮೆಣಸು

ಸಂಬಳದ ಲೆಕ್ಕ ನಾನು ಹೇಳುತ್ತೇನೆ. ಒಂದು ಕೂಸು ಗಿಡದ ಬುಡದಲ್ಲಿ ಅಳುತ್ತಿದ್ದರೆ ಅದರ ತಾಯಿ ಎಷ್ಟು ಸಲ ಕೈ ನಿಲ್ಲಿಸಿ ಓಡುತ್ತಾಳೆ ಅಂತ ನಾನು ನೋಡಿದ್ದೇನೆ. ಅಷ್ಟು ಹಣ್ಣು ಗಿಡದಲ್ಲೇ ಉಳಿಯುತ್ತದೆ. ಬಾಲವಾಡಿಗೆ ಬರುವ ಹೆಂಗಸಿಗೆ ಕಿಲೋ ಲೆಕ್ಕದವರ ಒಂದು ದಿನದ ಸರಾಸರಿ ಕೊಟ್ಟರೂ ತೋಟಕ್ಕೆ ನಷ್ಟ ಇಲ್ಲ. ಮೂರು ತೋಟದವರು ಆಗಲ್ಲ ಅಂದರೆ ನನ್ನದನ್ನೂ ಸೇರಿಸಿ ನಾಲ್ಕು ಪಾಲು ಮಾಡಿ. ನಮ್ಮ ಲೈನಿನ ಮಕ್ಕಳೂ ಅಲ್ಲಿಗೇ ಬರಲಿ. ಮಾರ್ಚ್‌ನಲ್ಲಿ ಹೂಮಳೆ ಬಂದು ಕೆಲಸ ನಿಂತ ದಿನಗಳ ಸಂಬಳ ಮಾತ್ರ ಆಮೇಲೆ ಕೂತು ಮಾತಾಡೋಣ, ಈಗಲೇ ಒಪ್ಪುವುದಿಲ್ಲ.

ಸಾಯಂಕಾಲದ್ದು ತೂಕದ ಸಮಸ್ಯೆ, ಜೀಪಿನದ್ದಲ್ಲ. ಈಗ ಯಾರು ಮೊದಲು ಚೀಲ ತಂದರೋ ಅವರದ್ದು ಮೊದಲು. ಬಲ ಇರುವ ಗಂಡಸರು ಮುಂದೆ ನಿಲ್ಲುತ್ತಾರೆ, ಕೂಸಿನ ತಾಯಂದಿರು ಕೊನೆಗೆ. ರೈಟರಿಗೆ ಹೇಳಿ, ಬಾಲವಾಡಿಯಲ್ಲಿ ಮಕ್ಕಳಿರುವ ಹೆಂಗಸರ ಚೀಲ ಮೊದಲು ತೂಗಲಿ. ಬೆಳಕಿರುವಾಗಲೇ ಬಂದು ಕರೆದುಕೊಂಡು ಹೋಗುತ್ತಾರೆ. ಗಲಾಟೆ ಮಾಡುವವರು ಒಂದು ವಾರ ಮಾಡುತ್ತಾರೆ.

ಕುಟ್ಟ ಜೀಪ್

ಇದು ಸರಿ. ಆದರೂ ಒಳಗಡೆಯ ಲೈನಿನವರಿಗೆ ಆನೆ ದಾರಿಯಲ್ಲಿ ನಡೆದು ಹೋಗಿ ಅನ್ನಬೇಡಿ. ತಾಯಂದಿರನ್ನೂ ಮಕ್ಕಳ ಜೊತೆಗೇ ಜೀಪಿಗೆ ಹತ್ತಿಸಿ, ಒಂದೇ ಟ್ರಿಪ್. ಆಗ ನಾನು ಒಂದು ಮಗುವಿನ ಜೊತೆ ಉಳಿಯುವ ಮಾತೇ ಬರುವುದಿಲ್ಲ. ಬಾಡಿಗೆ ನಾಲ್ಕು ತೋಟಕ್ಕೆ ಹಂಚಿ. ಅಕ್ಕ, ನನ್ನ ವೆರಿಫಿಕೇಶನ್ ಅರ್ಜಿಯನ್ನೂ ಅವರದ್ದರ ಜೊತೆಗೇ ಹಾಕಿಬಿಡಿ, ಆಧಾರ್ ಪ್ರತಿ ಕಳಿಸುತ್ತೇನೆ. ತೂಕ ಎಷ್ಟು ಗಂಟೆಗೆ ಶುರು ಮಾಡುತ್ತಾರೆ ಅಂತ ರೈಟರ್ ಹತ್ತಿರ ಕೇಳಿ ಹೇಳಿ, ಶಾಲೆ ಟ್ರಿಪ್ ಮುಗಿಸಿ ಬರಲು ಆಗುತ್ತದಾ ನೋಡಬೇಕು.